ಆರ್ಡಿಸ್ ಟೋಲೆಫ್ಸನ್ ಬೇಡ ಎಂದಾಗ

ಮಿನೆಸೋಟದ ನಮ್ಮ ವೆಸ್ಟರ್ಬಿಯಲ್ಲಿ ಯಾರಾದರೂ ಕಾಫಿ ಕೊಡಲು ಬಂದರೆ ಮೊದಲು ಬೇಡ ಎನ್ನಬೇಕು. ಎರಡನೆಯ ಸಲವೂ ಬೇಡ. ಮೂರನೆಯ ಸಲಕ್ಕೆ, "ಇಷ್ಟು ಬಲವಂತ ಮಾಡ್ತೀರಲ್ಲ ಅಂತ, ಅರ್ಧ ಲೋಟ ಹಾಕಿ" ಎನ್ನಬಹುದು. ಮೊದಲ ಸಲಕ್ಕೇ ಕೈಚಾಚಿದವರನ್ನು ಸಾಯುವ ತನಕ ಆಡಿಕೊಳ್ಳುತ್ತಾರೆ. ಟರ್ಕಿಕೋಳಿ ಸಾಕುವ ಟೋಲೆಫ್ಸನ್ನರ ಮಗಳು ಆರ್ಡಿಸ್ ಬೆಳೆದದ್ದು ಈ ಗಾಳಿಯಲ್ಲಿ.

ವಾಷಿಂಗ್ಟನ್ನಿನ ಸರ್ಕಾರಿ ವ್ಯಾಪಾರ ಕಚೇರಿಗೆ ಗುಮಾಸ್ತೆಯಾಗಿ ಸೇರಿದವಳು, ಬೆವರು ಸುರಿಸಿ ಮೇಲೆ ಬಂದು, ಪರದೇಶದವರ ಜೊತೆ ಮಾತುಕತೆಗೆ ಕೂತಳು. ಮೊದಲ ದಿನವೇ ನೋಡಿ ತಮಾಷೆ. ಎದುರಿನವರು, "ನಿಮ್ಮ ಕೋಳಿಮಾಂಸದ ಸುಂಕ ಅರ್ಧ ಇಳಿಸ್ತೀವಿ" ಎಂದರು. ಆರ್ಡಿಸ್‌ಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಆದರೆ ನಾಲಿಗೆ ಊರಿನದಲ್ಲವೇ?

"ಬೇಡ ಬಿಡಿ, ನಿಮಗ್ಯಾಕೆ ತೊಂದರೆ" ಎಂದುಬಿಟ್ಟಳು.

ಎದುರಿನವರು ಮುಖ ಮುಖ ನೋಡಿಕೊಂಡರು. ಇನ್ನಷ್ಟು ಇಳಿಸಿದರು. ಅವಳು ಮತ್ತೆ, "ಪರವಾಗಿಲ್ಲ, ಇರಲಿ ಬಿಡಿ" ಎಂದಳು. ಕೊನೆಗೆ ಸುಂಕವನ್ನೇ ಪೂರ್ತಿ ತೆಗೆದುಹಾಕಿ ಹಣೆ ಒರೆಸಿಕೊಂಡರು.

ಮರುದಿನ ಪತ್ರಿಕೆಗಳಲ್ಲೆಲ್ಲ ಅವಳದೇ ಫೋಟೋ, 'ಜಗ್ಗದ ಹೆಂಗಸು' ಎಂಬ ಬಿರುದು. ವರ್ಷ ಉರುಳಿದಂತೆ ಹೆಸರು ಇನ್ನೂ ಬೆಳೆಯಿತು. ಅವಳು ಬರುತ್ತಾಳೆಂದರೆ ಮಂತ್ರಿಗಳ ಎದೆ ಡವಡವ ಎನ್ನುತ್ತಿತ್ತಂತೆ. ನಮ್ಮೂರ ಚರ್ಚಿನ ಹೆಂಗಸರು ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಜಗ್ಗದೋಳಂತೆ. ಇವಳು ಒಂದು ತುಂಡು ಕೇಕಿಗೂ ಹಿಂಗೇ ಆಡ್ತಾಳೆ ಕಣೆ."

ಆ ಕಚೇರಿಯ ಮುಖ್ಯಸ್ಥೆಯಾಗಬೇಕೆಂಬುದು ಆರ್ಡಿಸ್‌ಳ ಜೀವಮಾನದ ಆಸೆ. ತಾಯಿ ಬೋರ್ಗಿಲ್ಡ್‌ಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿದವಳಲ್ಲ. ಹಳೆಯ ಮುಖ್ಯಸ್ಥರು ನಿವೃತ್ತರಾದ ವಾರ ಅವಳು ಊರಿಗೆ ಬಂದಿದ್ದಳು. ಭಾನುವಾರ ಊಟಕ್ಕೆ ಕೂತಾಗ ಫೋನು ಬಂತು. ದೇಶದ ಅಧ್ಯಕ್ಷರ ಆಪ್ತ ಸಹಾಯಕ.

"ಮುಖ್ಯಸ್ಥೆ ಆಗ್ತೀರಾ ಅಂತ ಅಧ್ಯಕ್ಷರು ಕೇಳ್ತಿದಾರೆ."

ಆರ್ಡಿಸ್‌ಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. "ನನಗಿಂತ ಒಳ್ಳೇವ್ರು ಬೇಕಾದಷ್ಟು ಜನ ಇದಾರಲ್ಲ" ಎಂದು, ಎರಡನೆಯ ಸಲ ಕೇಳಲಿ ಎಂದು ಕಾದಳು.

"ಹಾಗಾದ್ರೆ ಸರಿ, ಬೇರೆಯವರನ್ನ ಕೇಳ್ತೀವಿ" ಎಂದು ಅವನು ಫೋನು ಇಟ್ಟುಬಿಟ್ಟ.

ಆರ್ಡಿಸ್ ಬಿಳಿಚಿಕೊಂಡಳು. ನಡೆದದ್ದನ್ನು ಕೇಳಿದ ತಾಯಿ, "ಇನ್ನೆರಡು ಸಲ ಕೇಳ್ತಾರೆ, ಕೂತ್ಕೋ" ಎಂದಳು.

"ಅವನು ಟೆಕ್ಸಸ್ಸಿನೋನಮ್ಮಾ, ಅಲ್ಲಿ ಕೇಳೋದು ಒಂದೇ ಸಲ. ಮತ್ತೆ ಕೇಳಲ್ಲ."

"ಹಂಗಂತ ನಾವಾಗೇ ಮೇಲೆ ಬಿದ್ದು ಕೇಳೋದಾ? ಮಾನ ಮರ್ಯಾದೆ ಬೇಡ್ವಾ?"

ದೇಶ ದೇಶಗಳನ್ನು ಬಗ್ಗಿಸಿದ ಹೆಂಗಸು ಆಗ ಫೋನು ಕೈಗೆತ್ತಿಕೊಂಡಳು. ಎರಡು ಸಲ ತಪ್ಪು ನಂಬರು ಒತ್ತಿದಳು. ಮೂರನೆಯದಕ್ಕೆ ಅವನೇ ಸಿಕ್ಕ.

"ನಾನು ಆರ್ಡಿಸ್. ಆ ಕೆಲಸ ನನಗೆ ಬೇಕು. ಬೇರೆ ಯಾರನ್ನೂ ಕೇಳಬೇಡಿ."

ಆಚೆ ಕಡೆಯವನು ನಕ್ಕು, "ಆಯ್ತು, ನಿಮ್ಮದೇ" ಎಂದ.

ಅವಳು ಫೋನಿಟ್ಟು ಅಲ್ಲೇ ಕುಸಿದು ಕೂತು, ನಗುತ್ತಲೇ ಅತ್ತಳು. ಬೋರ್ಗಿಲ್ಡ್ ಕಣ್ಣೊರೆಸಿಕೊಂಡು, ಅಕ್ಕಪಕ್ಕದವರಿಗೆ ಕೇಳಿಸದಂತೆ ಕಿಟಕಿ ಮುಚ್ಚಿ ಬಂದು ಮಗಳ ತಲೆ ನೇವರಿಸಿದಳು.

"ಹೋಗ್ಲಿ ಬಿಡು ಮಗಾ. ಅವ್ರೇ ಮೂರು ಸಲ ಕೇಳಿದ್ರು ಅಂತ ಹೇಳೋಣ."