ಮೊಟ್ಟೆ ಹಾಕದ ಸೇಬಿನ ಕೇಕು

ಇಲ್ಲಿಗೆ ಬಂದ ಮೊದಲ ಬೆಳಿಗ್ಗೆ ಬಾಗಿಲು ತೆರೆದಾಗ ನನಗೆ ಕಂಡದ್ದು ಸೇಬು ತಿನ್ನುತ್ತಿದ್ದ ಹಸು. ಒಂದೆರಡಲ್ಲ, ಬುಟ್ಟಿಗಟ್ಟಲೆ ಸೇಬನ್ನು ಅದರ ಮುಂದೆ ಸುರಿದಿದ್ದರು. ಅದು ಬೇಕಾದ್ದನ್ನು ಕಚ್ಚಿ, ಬೇಡವಾದ್ದನ್ನು ಮೂತಿಯಿಂದ ಅತ್ತ ತಳ್ಳುತ್ತಿತ್ತು. ನಾನು ಅಂಗಳಕ್ಕೆ ಓಡಿ ಹಸುವನ್ನು ಅಟ್ಟತೊಡಗಿದೆ. ಅತ್ತೆ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು, ಆಲಿಕಲ್ಲು ಬಿದ್ದು ಕೆಟ್ಟ ಹಣ್ಣು, ತಿನ್ನಲಿ ಬಿಡು ಎಂದು ಹಿಂದಿಯಲ್ಲಿ ಹೇಳಿದರು.

ನನಗೆ ಯಾಕೆ ಎದೆ ಧಸಕ್ಕೆಂದಿತು ಎಂದು ಚಳ್ಳಕೆರೆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಸೇಬು ಆಸ್ಪತ್ರೆಯ ಹಣ್ಣು. ಯಾರಾದರೂ ಮಂಚ ಹಿಡಿದರೆ ಬಸ್ ಸ್ಟ್ಯಾಂಡಿನ ಮುಂದಿನ ಗಾಡಿಯಲ್ಲಿ ಚೌಕಾಸಿ ಮಾಡಿ, ನಾಲ್ಕು ಹಣ್ಣನ್ನು ಕವರಿಗೆ ಹಾಕಿಸಿಕೊಂಡು ಹೋಗಿ ರೋಗಿಯ ತಲೆದಿಂಬಿನ ಪಕ್ಕ ಇಡುತ್ತೇವೆ. ಗಟ್ಟಿಮುಟ್ಟಾಗಿ ಓಡಾಡುವವರು ಸೇಬು ತಿಂದರೆ ಜನ ಮುಖ ನೋಡುತ್ತಾರೆ. ಆ ಸಂಜೆ ಅತ್ತೆ ಇಡೀ ಒಂದು ಸೇಬನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗಿಟ್ಟಾಗ, ನನಗೇನೋ ಕಾಯಿಲೆಯಿದೆ ಎಂಬ ಅನುಮಾನ ಇವರಿಗೆ ಬಂದಿದೆ ಎಂದುಕೊಂಡೆ. ನಾನು ಚೆನ್ನಾಗಿಯೇ ಇದ್ದೇನೆ ಎಂದು ನನಗೆ ಬಂದ ಹಿಂದಿಯಲ್ಲಿ ಹೇಳಿದೆ. ಮನೆಮಂದಿಯೆಲ್ಲ ನಕ್ಕರು. ಅವರು ನಕ್ಕರೆಂದು ನಾನೂ ನಕ್ಕೆ.

ನಾನೀಗ ಇರುವುದು ಹಿಮಾಚಲದಲ್ಲಿ, ಶಿಮ್ಲಾದಿಂದ ಇನ್ನೂ ಮೇಲಕ್ಕೆ, ರಸ್ತೆ ಮುಗಿದ ಮೇಲೂ ಏರಬೇಕಾದ ಒಂದು ಹಳ್ಳಿಯಲ್ಲಿ. ಹುಟ್ಟಿದ್ದು ತಳಕಿನಿಂದ ಒಳಕ್ಕೆ ಹೋದರೆ ಸಿಗುವ ಒಂದು ಕುರಿಹಟ್ಟಿಯಲ್ಲಿ. ನಮ್ಮ ಕುರಿಗಳು ತಲೆಮಾರುಗಳಿಂದ ಕಾವಲಿನಲ್ಲಿ ಮೇಯುತ್ತಿದ್ದವು. ಕಾವಲೆಂದರೆ ದನಕುರಿಗೆಂದೇ ಬಿಟ್ಟ ಬಯಲು, ಅದಕ್ಕೆ ಬೇಲಿ ಇರಲಿಲ್ಲ. ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಅದರ ಸುತ್ತ ಗೋಡೆ ಎದ್ದಿತು, ಒಳಗೆ ಸರ್ಕಾರದ ದೊಡ್ಡ ದೊಡ್ಡ ಕಟ್ಟಡ ಬಂದವು. ಕುರಿ ಮೇಯಿಸುತ್ತಿದ್ದವರಲ್ಲಿ ಕೆಲವರಿಗೆ ಅದೇ ಗೋಡೆಯ ಒಳಗೆ ಕಸ ಗುಡಿಸುವ, ಗಿಡಕ್ಕೆ ನೀರು ಹಾಕುವ ಕೆಲಸ ಸಿಕ್ಕಿತು. ಚಳ್ಳಕೆರೆಯಲ್ಲಿ ಬಿ.ಎ. ಮುಗಿಸಿದ್ದ ನನಗೆ ಅಲ್ಲಿನ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸುವ ಕೆಲಸ ಸಿಕ್ಕಿತು.

ಗೇಟಿನಲ್ಲಿ ಕಾವಲಿಗಿದ್ದವನು ಬಲದೇವ, ಈ ಹಿಮಾಚಲದವನು. ಮಿತಭಾಷಿ. ಎರಡೋ ಮೂರೋ ಕನ್ನಡದ ಮಾತು ಕಲಿತಿದ್ದ; ಅವನ್ನೇ ತಿರುಗಿಸಿ ಮುರುಗಿಸಿ ಎಲ್ಲರೊಡನೆ ಆಡುತ್ತಿದ್ದ. ನಾನು ಲಟ್ಟಿಸಿದ ಚಪಾತಿಯನ್ನು ಅವನು ಹೊಗಳಿದ, ನಾನು ಅವನ ಕನ್ನಡವನ್ನು ಆಡಿಕೊಂಡೆ, ಹೀಗೇ ಬೆಳೆಯಿತು. ಮದುವೆ ಚಳ್ಳಕೆರೆಯ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ಮದುವೆಗೆ ಬರಲಿಲ್ಲ. ಬೈಯಲಿಲ್ಲ, ಶಾಪ ಹಾಕಲಿಲ್ಲ, ಬಾಗಿಲೂ ಮುಚ್ಚಲಿಲ್ಲ. ಮರುವರ್ಷ ಬಲದೇವನ ಅಪ್ಪ ತೀರಿಕೊಂಡರು, ತೋಟ ನೋಡಿಕೊಳ್ಳಲು ಯಾರೂ ಇರಲಿಲ್ಲ, ನಾವು ಇಲ್ಲಿಗೆ ಬಂದೆವು.

ಇಲ್ಲಿ ಮನೆಗಳು ಮರದವು, ಮಾಡು ತಗಡಿನದು. ನಮ್ಮ ಕಡೆ ಮನೆ ಕಟ್ಟುವಾಗ ಗಾಳಿ ಹೇಗೆ ಬರುತ್ತದೆ ಎಂದು ನೋಡಿದರೆ, ಇಲ್ಲಿ ಗಾಳಿ ಹೇಗೆ ಬಾರದು ಎಂದು ನೋಡುತ್ತಾರೆ. ನಡುಮನೆಯಲ್ಲಿ ಕಬ್ಬಿಣದ ಒಲೆ, ಅದರ ಹೊಗೆಗೆ ಗೋಡೆ ತೂರಿ ಹೋಗುವ ಕೊಳವೆ. ಇದಕ್ಕೆ ತಂದೂರ್ ಎನ್ನುತ್ತಾರೆ, ಆದರೆ ಹೋಟೆಲಿನ ತಂದೂರಿಗೂ ಇದಕ್ಕೂ ಸಂಬಂಧವಿಲ್ಲ. ಹಿಮ ಬಿದ್ದ ತಿಂಗಳುಗಳಲ್ಲಿ ಇಡೀ ಮನೆ ಅದರ ಸುತ್ತ ಕೂತು ಈ ಬೆಟ್ಟದ ಮಾತಾದ ಪಹಾಡಿಯಲ್ಲಿ ಹರಟುತ್ತದೆ. ನನಗೆ ಹಿಂದಿಯೇ ಅಷ್ಟಕ್ಕಷ್ಟೆ; ಪಹಾಡಿ ಶುರುವಾದರೆ ಗೋಡೆ ನೋಡುತ್ತಾ ಕೂರಬೇಕು. ಅದು ಗೊತ್ತಾದದ್ದೇ ನೆರೆಹೊರೆಯವರು ನನ್ನ ಬಗ್ಗೆ ನನ್ನ ಎದುರೇ ಮಾತಾಡಲು ಕಲಿತರು. ನನ್ನ ಹೆಸರು ಬೋರಮ್ಮ ಎಂದು ಎಷ್ಟು ಹೇಳಿದರೂ ಊರಿಗೆಲ್ಲ ನಾನು ‘ಮದ್ರಾಸನ್’. ಚಳ್ಳಕೆರೆ ಮದ್ರಾಸಿನಲ್ಲಿಲ್ಲ ಎಂದು ವಾದ ಮಾಡುವುದನ್ನು ಈಗ ಬಿಟ್ಟಿದ್ದೇನೆ.

ರಾಗಿ ಇಲ್ಲಿಯೂ ಬೆಳೆಯುತ್ತದೆ, ಕೋದ್ರಾ ಎನ್ನುತ್ತಾರೆ. ಅದು ಕಂಡ ದಿನ ನನಗೆ ತವರಿನವರು ಸಿಕ್ಕಷ್ಟು ಖುಷಿಯಾಯಿತು. ಮುದ್ದೆ ತಿರುವಿ ಎಲ್ಲರ ತಟ್ಟೆಗಿಟ್ಟೆ. ಬಲದೇವ ಗಂಡನ ಧರ್ಮವೆಂದು ಅದನ್ನು ಜಗಿದು ಜಗಿದು ತಿಂದ, ನುಂಗಬೇಕೆಂದರೆ ಗಂಟಲು ಹಿಡಿದೀತು ಎಂದು ಹೆದರಿದ. ಅತ್ತೆ ತಮ್ಮ ಪಾಲನ್ನು ಹಸುವಿಗೆ ಹಾಕಿದರು. ಸೇಬು ತಿನ್ನುವ ಹಸು ಮುದ್ದೆಯನ್ನೂ ತಿಂದಿತು.

ಈ ಮನೆಯಲ್ಲಿ ನನಗೆ ಜಾಗ ಸಿಕ್ಕಿದ್ದು ಓವನ್ನಿನ ಮುಂದೆ. ಅತ್ತೆಯ ಅಪ್ಪ ಸಾಹೇಬರ ಬಂಗಲೆಯೊಂದರಲ್ಲಿ ಅಡುಗೆಯವರಾಗಿದ್ದರಂತೆ. ಅವರಿಂದ ಅತ್ತೆಗೆ ಬಂದದ್ದು ಸೇಬಿನ ಕೇಕು. ಮಾರುಕಟ್ಟೆಗೆ ಹೋಗುವುದು ಕೆಂಪು ಹಣ್ಣು. ಮನೆಯ ಕೇಕಿಗೆ ಹಳದಿಯದು, ಗೋಲ್ಡನ್ ಎನ್ನುತ್ತಾರೆ, ಸ್ವಲ್ಪ ಹುಳಿ ಇರುತ್ತದೆ. ಅದನ್ನು ತೆಳ್ಳಗೆ ಹೆಚ್ಚಿ, ದಾಲ್ಚಿನ್ನಿ ಉದುರಿಸಿ, ಹಿಟ್ಟಿನ ಮೇಲೆ ಸಾಲಾಗಿ ಜೋಡಿಸಿ ಬೇಯಿಸಿದರೆ ಆ ವಾಸನೆ ಮೆಟ್ಟಿಲಿಳಿದು ಹಾದಿಗೆ ಬರುತ್ತದೆ. ನಾನು ಎಷ್ಟೇ ಮುನಿಸಿಕೊಂಡಿದ್ದರೂ ಆ ವಾಸನೆಗೆ ಒಳಗೆ ಬಂದಿದ್ದೇನೆ. ಅಂಗಡಿಯ ಕೇಕು ಇಲ್ಲೂ ಸಿಗುತ್ತದೆ, ಯಾರಿಗೂ ಬೇಡ. ಹಣ್ಣು ಮಾರಿ ಸುಸ್ತಾದ ಜನ, ಸೇಬೆಂದರೆ ವಾಕರಿಕೆ ಬರಬೇಕಾದ ಜನ, ಸಂಜೆ ಮನೆಗೆ ಬಂದು ಮತ್ತೆ ಸೇಬಿನ ಕೇಕನ್ನೇ ಕೇಳುತ್ತಾರೆ. ಅತ್ತೆಯ ಕೈ ನಡುಗತೊಡಗಿದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು.

ಒಂದು ದಿನ ಫೋನಿನಲ್ಲಿ ಅವ್ವ ಕೇಳಿದಳು: “ಅದ್ರಾಗೆ ಏನೇನು ಹಾಕ್ತಾರವ್ವ?”

ನಾನು ಹುರುಪಿನಲ್ಲಿ ಎಲ್ಲ ಹೇಳಿದೆ. ಮೈದಾ, ಸಕ್ಕರೆ, ಬೆಣ್ಣೆ, ಮೊಟ್ಟೆ. ಆಗ ನಾಲಗೆ ಕಚ್ಚಿಕೊಂಡೆ. ನಮ್ಮ ಹಟ್ಟಿಯವರು ಕುರಿ ತಿನ್ನುತ್ತೇವೆ, ಕೋಳಿ ಮುಟ್ಟುವುದಿಲ್ಲ. ಹಿರಿಯರು ಹಾಕಿದ ಕಟ್ಟು, ದೇವರಿಗೆ ಆಗದು. ನಮ್ಮ ಹಟ್ಟಿಯಲ್ಲಿ ಕೋಳಿ ಕೂಗಿ ಬೆಳಗಾದದ್ದನ್ನು ನಾನು ಕೇಳಿಲ್ಲ.

ಅದರ ಮುಂದಿನ ವರ್ಷ ಊರಿಗೆ ಹೋದಾಗ ಅವ್ವ ನನಗೆ ಉಣ್ಣಲಿಕ್ಕಿದಳು, ತಲೆಗೆ ಎಣ್ಣೆ ಹಚ್ಚಿದಳು. ಆದರೆ ನಾನು ಒಯ್ದ ಸೇಬಿನ ಚೀಲವನ್ನು ಬಿಚ್ಚಲಿಲ್ಲ. ನಾನೇ ಒಂದನ್ನು ಕೊಯ್ದು ಕೊಟ್ಟರೆ, “ನಂಗೆ ಹಸಿವಿಲ್ಲ” ಎಂದಳು. ಹಸಿವಿಲ್ಲದವಳು ಆಮೇಲೆ ಎರಡು ಮುದ್ದೆ ಉಂಡಳು. ಯಾಕೆ ಎಂದು ಕೇಳಿದ್ದಕ್ಕೆ, “ಕೋಳಿ ಮುಟ್ಟಿದ ಕೈ ಕಣವ್ವ” ಎಂದಳು.

ಬೇರೆ ಮಾತಾಗಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಹೆತ್ತವಳು ನನ್ನ ಕೈಯ ತುತ್ತು ಬೇಡವೆಂದಳು. ವಾಪಸ್ ಬರುವಾಗ ರೈಲಿನಲ್ಲಿ ಒಂದೇ ಹಟ ಹಿಡಿದೆ: ಮೊಟ್ಟೆ ಬಿಟ್ಟು ಕೇಕು ಮಾಡುತ್ತೇನೆ, ಅವ್ವನ ಬಾಯಿಗೆ ನಾನೇ ಇಡುತ್ತೇನೆ.

ಹೇಳುವುದು ಸುಲಭ. ಮೊಟ್ಟೆಯಿಲ್ಲದ ಮೊದಲ ಕೇಕು ಅಡಿಪಾಯದ ಕಲ್ಲಿನ ಹಾಗಾಯಿತು. ಅತ್ತೆ ಅದನ್ನು ಬೆರಳಿನಿಂದ ತಟ್ಟಿ, ಮದ್ರಾಸಿನ ರೊಟ್ಟಿಯಾ ಇದು ಎಂದು ಕೇಳಿದರು. ಮೊಸರು ಹಾಕಿದರೆ ಹುಳಿ, ಸೋಡಾ ಹೆಚ್ಚಾದರೆ ಕಹಿ, ಹಣ್ಣು ಹೆಚ್ಚಾದರೆ ಒಳಗೆಲ್ಲ ಅಂಬಲಿ. ಮನೆಯಲ್ಲಿ ಮೊಟ್ಟೆ ಬುಟ್ಟಿ ತುಂಬ ಇರುವಾಗ ಇದೇನು ಹುಚ್ಚು ಎಂದು ಎಲ್ಲರೂ ನಕ್ಕರು. ನನ್ನ ಹಟದ ಕಾರಣ ಗೊತ್ತಿದ್ದವನು ಬಲದೇವನೊಬ್ಬನೇ. ಅವನು ಕೆಟ್ಟುಹೋದ ಕೇಕನ್ನೆಲ್ಲ ಚಹಾದಲ್ಲಿ ಅದ್ದಿ ತಿಂದು ಮುಗಿಸುತ್ತಿದ್ದ. ಕೊನೆಗೆ ಹಣ್ಣನ್ನು ಬೇಯಿಸಿ ಮಸೆದು ಹಿಟ್ಟಿಗೆ ಕಲಸಿದಾಗ ಕೇಕು ಉಬ್ಬಿತು. ಅತ್ತೆ ಎರಡನೇ ತುಂಡು ಕೇಳಿದರು. ಈ ಊರಿನಲ್ಲಿ ನಾನು ಗೆದ್ದದ್ದು ಎಂದು ಹೇಳಿಕೊಳ್ಳುವುದಕ್ಕೆ ಇರುವುದು ಅದೊಂದೇ.

ಹೋದ ವರ್ಷ ಹಣ್ಣಿನ ಕೊಯ್ಲು ಮುಗಿಯುತ್ತಲೇ ಊರಿಗೆ ಹೊರಟೆ. ಬಲದೇವ ಮರ ಹತ್ತಿ, ಕಲೆಯಿಲ್ಲದ ಗೋಲ್ಡನ್ ಹಣ್ಣನ್ನು ಒಂದೊಂದಾಗಿ ಆರಿಸಿ, ಕಾಗದದಲ್ಲಿ ಸುತ್ತಿ ಚೀಲಕ್ಕೆ ತುಂಬಿದ. ಕೇಕನ್ನು ಇಲ್ಲಿಂದ ಮಾಡಿಕೊಂಡು ಹೋಗಲಿಲ್ಲ. ಅವ್ವನ ಕಣ್ಣೆದುರೇ ಮಾಡಬೇಕು, ಅನುಮಾನಕ್ಕೆ ಎಡೆ ಇರಬಾರದು ಎಂಬುದು ನನ್ನ ಲೆಕ್ಕಾಚಾರ.

ಹಟ್ಟಿಯಲ್ಲಿ ಓವನ್ ಎಲ್ಲಿಂದ ಬರಬೇಕು? ಅವ್ವನ ದೊಡ್ಡ ಬೋಸಿಗೆ ಹಳ್ಳದ ಮರಳು ಸುರಿದೆ, ಅದರೊಳಗೆ ಸಣ್ಣ ಬೋಸಿ ಇಟ್ಟೆ, ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಕೆಂಡ. ಮೈದಾ ತಳಕಿನ ಅಂಗಡಿಯದು. ಸಕ್ಕರೆಗೆ ಬದಲು ಅವ್ವನ ಡಬ್ಬಿಯ ಬೆಲ್ಲ, ಬೆಣ್ಣೆಗೆ ಬದಲು ನಮ್ಮ ಶೇಂಗಾ ಎಣ್ಣೆ, ಅವಳೇ ಕಡೆದ ಮಜ್ಜಿಗೆ. ಅವ್ವ ದೂರ ಕೂತವಳು ಮೆಲ್ಲಗೆ ಹತ್ತಿರ ಬಂದಳು. ನನಗೆ ಉರಿ ಇಡಲು ಬರುವುದಿಲ್ಲವೆಂದು ಬೈದು ತಾನೇ ಒಲೆ ಹಿಡಿದಳು. ಕೆಂಡವನ್ನು ಮುಚ್ಚಳದ ಮೇಲೆ ಸಮನಾಗಿ ಹರಡಿದವಳೂ ಅವಳೇ. ಗೆದ್ದೆ ಎಂದುಕೊಂಡೆ.

ವಾಸನೆಗೆ ಪಕ್ಕದ ಮನೆಯ ಓಬಕ್ಕ ಚಿಕ್ಕವ್ವ ಬಂದಳು. ಮೊಳಕಾಲ್ಮುರು ಆಚೆಯ ಗಡಿ ಊರಿನವಳು, ಖುಷಿಯಾದರೆ ತೆಲುಗು ಬರುತ್ತದೆ. ಒಂದು ತುಂಡು ಬಾಯಿಗೆ ಹಾಕಿ, “ಸಾನಾ ಬಾಗುಂದೇ ಬೋರಮ್ಮ, ಬಾಯಾಗೆ ಕರಗ್ತೈತೆ” ಎಂದಳು. ಮಕ್ಕಳು ಮುತ್ತಿಕೊಂಡವು. ನಾನು ಅವ್ವನಿಗೆಂದು ಎತ್ತಿಟ್ಟಿದ್ದ ತುಂಡನ್ನು ಅವಳ ಬಾಯಿಯ ಹತ್ತಿರ ಒಯ್ದೆ. ಅವಳು ನನ್ನ ಮುಂಗೈ ಹಿಡಿದು ಕೆಳಗಿಳಿಸಿದಳು. ಜನ ಹೋಗುವವರೆಗೆ ಕಾದೆ.

“ನೀನೇ ನೋಡಿದ್ಯಲ್ಲವ್ವ, ಮೊಟ್ಟೆ ಹಾಕಿಲ್ಲ” ಎಂದೆ.

“ನೋಡ್ದೆ. ನನ್ನ ಒಲೆ, ನನ್ನ ಬೆಲ್ಲ, ನನ್ನ ಎಣ್ಣೆ. ಎಲ್ಲಾ ನಂದೇ ಐತೆ.”

“ಮತ್ಯಾಕೆ ತಿನ್ನಲ್ಲ?”

“ಹಣ್ಣು ನಂದಲ್ಲ.”

ನನಗೆ ಅರ್ಥವಾಗಲಿಲ್ಲ. ಅವ್ವ ಒಲೆಯ ಬೂದಿಯನ್ನು ಕೋಲಿನಿಂದ ಸರಿಸುತ್ತಾ ಹೇಳಿದಳು. “ಆ ಬ್ಯಾಸ್ಗೆ, ಕೆರೆ ಬತ್ತಿತ್ತಲ್ಲ, ನೀನಿನ್ನೂ ಕೆಲ್ಸಕ್ಕೆ ಹೋಗ್ತಿರ್ಲಿಲ್ಲ. ಗ್ವಾಡೆ ಒಳಗಿನ ಕಟ್ಟೇಲಿ ನೀರಿತ್ತು. ಕುರಿ ಹೊಡ್ಕಂಡು ಗೇಟಿಗೆ ಹೋದೆ. ನೀರು ಕುಡಿಸ್ಕಂಡು ಹಂಗೇ ಬತ್ತೀನಪ್ಪ, ಮೇಯ್ಸಲ್ಲ ಅಂದೆ. ಕೈ ಮುಗ್ದೆ. ‘ಇಲ್ಲ, ಹೋಗ್ರಿ’ ಅಂದ. ಅಷ್ಟೇ ಕನ್ನಡ ಬರ್ತಿತ್ತು ಅವ್ನಿಗೆ. ಬಿಸ್ಲಾಗೆ ಕಾದೆ. ಮತ್ತೆ ಅದನ್ನೇ ಅಂದ. ವಾಪಸ್ ಬರೋ ದಾರೀಲಿ ಗಬ್ಬದ ಕುರಿ ಬಿದ್ದು ಸತ್ವು. ನೀನು ಮದ್ವೆ ಫೋಟ ತೋರಿಸ್ದಾಗ ಗೊತ್ತಾತು, ಅವ್ನೇ.”

“ಅವ್ನ ಕೆಲ್ಸ ಅವ್ವ ಅದು. ಬಿಟ್ಟಿದ್ರೆ ಅವ್ನ ಕೆಲ್ಸ ಹೋಗ್ತಿತ್ತು.”

“ಹೂಂ, ಕೆಲ್ಸ. ನಾನೇನು ಅವ್ನನ್ನ ಬೈದ್ನಾ? ನನ್ನ ಕುರೀನ ಅವ್ನು ಒಳಕ್ಕೆ ಬಿಡ್ಲಿಲ್ಲ. ಅವ್ನ ತ್ವಾಟದ ಹಣ್ಣನ್ನ ನಾನು ಗಂಟ್ಲೊಳಕ್ಕೆ ಹೆಂಗೆ ಬಿಡ್ಲಿ, ನೀನೇ ಹೇಳು.”

ನನಗೆ ಸಿಟ್ಟು ಬಂತು. ಯಾರ ಮೇಲೆಂದು ಕೇಳಿದರೆ ಇಂದಿಗೂ ಹೇಳಲಾರೆ. ಅವ್ವನ ಮೇಲೆ, ಗಂಡನ ಮೇಲೆ, ಆ ಗೋಡೆಯ ಮೇಲೆ, ಅದರೊಳಗೆ ಸಂಬಳಕ್ಕೆ ಚಪಾತಿ ಲಟ್ಟಿಸಿದ ನನ್ನ ಮೇಲೆ. ಇಷ್ಟು ದಿನ ಮೊಟ್ಟೆ ಮೊಟ್ಟೆ ಅಂತ ಯಾಕೆ ಅಂದೆ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. ಅವ್ವ ಸಮಾಧಾನವಾಗಿಯೇ ಇದ್ದಳು.

“ನೀನೇ ಮೊಟ್ಟೆ ಅಂದ್ಯಲ್ಲ ಫೋನಾಗೆ. ಅದೇ ಒಳ್ಳೇದಾತು ಅಂದ್ಕಂಡೆ. ಕೋಳಿ ಮೇಲೆ ಹಾಕಿದ್ರೆ ನಿನ್ನ ಸಂಸಾರ ನಿನಗಿರ್ತೈತೆ” ಎಂದಳು.

ಅಲ್ಲಿಂದ ಹೊರಡುವವರೆಗೆ ನಾವು ಆ ಮಾತು ಎತ್ತಲಿಲ್ಲ. ಉಳಿದ ಸೇಬನ್ನು ಚಿಕ್ಕವ್ವನ ಮನೆಗೆ ಕೊಟ್ಟೆ. ಹಿಮಾಚಲದ ನೆರೆಯವರು ನಾನು ಮಾಡಿದ್ದನ್ನು ಬಾಯಿ ಚಪ್ಪರಿಸಿ ತಿನ್ನುತ್ತಾರೆ, ನಮ್ಮವಳು ಎನ್ನುವುದಿಲ್ಲ. ಅವ್ವ ನನ್ನವಳು ಎನ್ನುತ್ತಾಳೆ, ತಿನ್ನುವುದಿಲ್ಲ. ನಾನು ಯಾವ ಒಲೆಯ ಮುಂದೆ ಕೂತರೂ ಅರ್ಧ ಕೂತಂತೆ.

ತಳಕಿನಲ್ಲಿ ಬಸ್ಸು ಹತ್ತಿಸಲು ಬಂದ ಅವ್ವ ನನ್ನ ಕೈಗೆ ಶೇಂಗಾ ಚೀಲ ಕೊಟ್ಟಳು, ನಿನ್ನ ಮನೆಯವರಿಗೆಲ್ಲ ಕೊಡು ಎಂದಳು. ಬಸ್ಸು ಬರುವುದು ಕಂಡಾಗ ನನ್ನ ಸೆರಗು ಸರಿಮಾಡುತ್ತಾ, “ಮುಂದಿನ ಸಲ ಬರೀ ಕೈಲಿ ಬಾರವ್ವ. ನೀನು ಬಂದ್ರೆ ಸಾಕು” ಎಂದಳು. ಹ್ಞೂಂ ಎಂದೆ.

ಶಿಮ್ಲಾದ ಬಸ್ ಸ್ಟ್ಯಾಂಡಿಗೆ ಬಲದೇವ ಬಂದಿದ್ದ. ಚೀಲವನ್ನು ಹೆಗಲಿಗೆ ಹಾಕಿಕೊಂಡು, ಮನೆಗೆ ಹೋಗುವ ಬಸ್ಸಿನಲ್ಲಿ ಅವ್ವನ ಶೇಂಗಾ ಸುಲಿದು ಬಾಯಿಗೆಸೆದುಕೊಳ್ಳುತ್ತಾ, ಬಹಳ ದಿನದಿಂದ ಕಾದಿಟ್ಟ ಪ್ರಶ್ನೆಯನ್ನು ತನ್ನ ಕನ್ನಡದಲ್ಲಿ ಕೇಳಿದ.

“ಅವ್ವ ತಿಂದ್ರಾ?”

ಗೇಟಿನಲ್ಲಿ ನಿಂತು ಎಷ್ಟೋ ಜನರನ್ನು ವಾಪಸ್ ಕಳಿಸಿದವನು. ಅವರಲ್ಲಿ ಒಬ್ಬಳ ಮುಖ ಅವನಿಗೆ ನೆನಪಿರಲಾರದು. ಹೇಳಿದರೆ ಜನ್ಮವಿಡೀ ಮರೆಯಲಾರ.

“ತಿಂದಳು. ಚೆನ್ನಾಗೈತೆ ಅಂದಳು” ಎಂದೆ.

ಅವನ ಮುಖ ಅರಳಿತು. ಮುಂದಿನ ವರ್ಷ ಒಂದು ಪೆಟ್ಟಿಗೆ ತುಂಬ ಒಯ್ಯೋಣ, ನಾನೂ ಬಂದು ಅವ್ವನ ಕೈಗೆ ಕೊಡುತ್ತೇನೆ ಎಂದ. ಅವನಿಗೂ ಹ್ಞೂಂ ಎಂದೆ.