ಬೆಗ್ ಎಂದರೆ ರುಜು ಇಲ್ಲ

ಆಗೆಲ್ಲ ರಜಾ ಅರ್ಜಿಯನ್ನು ನಾವು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದೆವು. ‘ಐ ಬೆಗ್ ಯು ಟು ಗ್ರಾಂಟ್ ಮಿ ಲೀವ್’ ಎಂದು ಹೊಳೆನರಸೀಪುರದ ನಮ್ಮ ಏಳನೇ ತರಗತಿ ಒಂದೇ ಉಸಿರಿನಲ್ಲಿ ಒದರುತ್ತಿತ್ತು. ಅರ್ಥ ಯಾರಿಗೂ ಬೇಕಿರಲಿಲ್ಲ, ರಜೆ ಸಿಕ್ಕರೆ ಸಾಕಿತ್ತು.

ಒಮ್ಮೆ ಜ್ವರ ಬಂದು ನಾಲ್ಕು ದಿನ ಮಲಗಿದ್ದೆ. ಮನೆಯವರ ರುಜು ಇರುವ ಅರ್ಜಿ ಕೊಡದಿದ್ದರೆ ತರಗತಿಯೊಳಗೆ ಬಿಡುತ್ತಿರಲಿಲ್ಲ. ಐದನೇ ದಿನ ಮಧ್ಯಾಹ್ನವೇ ಅರ್ಧವಾರ್ಷಿಕ ಪರೀಕ್ಷೆ ಶುರು. ಬೆಳಿಗ್ಗೆ ಅವ್ವ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು, ಮನೆ ತುಂಬ ಹುರುಳಿ ಉಪ್ಸಾರಿನ ಘಮ. ರುಜು ಹಾಕುವುದನ್ನು ನನ್ನ ಸ್ಲೇಟಿನ ಮೇಲೇ ಕಲಿತವಳು ಅವಳು. ಆದರೆ ಅರ್ಥ ತಿಳಿಯದೆ ಯಾವ ಕಾಗದಕ್ಕೂ ಹಾಕುತ್ತಿರಲಿಲ್ಲ. ನನ್ನಿಂದ ಅರ್ಜಿ ಓದಿಸಿದಳು.

“ಬೆಗ್ ಅಂದ್ರೇನಮ್ಮಿ?”

“ಭಿಕ್ಷೆ ಬೇಡೋದು ಕಣವ್ವ,” ಎಂದು ಜಾಣತನ ತೋರಿಸಿದೆ. ಅಲ್ಲಿಗೆ ಕೆಟ್ಟಿತು.

“ನಿಮ್ಮಜ್ಜಿ ಕಂಡೋರ ಕಣದಲ್ಲಿ ಸೆರಗೊಡ್ಡಿ ನಿಂತಿದ್ದು ಸಾಕು. ನೀನು ಇಸ್ಕೂಲಲ್ಲೂ ಬೇಡ್ತೀಯಾ? ನಾ ರುಜು ಆಕಾಕಿಲ್ಲ. ಓಗಿ ನಿಮ್ಮ ಮೇಷ್ಟ್ರಿಗೆ ಏಳು.”

ಅಳುತ್ತ ಶಾಲೆಗೆ ಓಡಿ, ಬಾಗಿಲಲ್ಲೇ ನಿಂತೆ. “ಭಿಕ್ಷೆ ಅಂತ ಬರೆದ್ರೆ ನಮ್ಮವ್ವ ರುಜು ಆಕಲ್ವಂತೆ ಸಾ.”

ತರಗತಿ ಗೊಳ್ಳೆಂದು ನಕ್ಕಿತು. ಇಂಗ್ಲಿಷ್ ಮೇಷ್ಟ್ರು ನಗಲಿಲ್ಲ. ಬೈಂಡು ಹಾಕಿದ ಡಿಕ್ಷನರಿ ತೆಗೆದು ನೋಡಿದರು.

“ವಿನಯದಿಂದ ಕೇಳೋದಕ್ಕೂ ಬೆಗ್ ಅಂತಾರಮ್ಮ. ಆದ್ರೂ ನಿಮ್ಮವ್ವ ಹೇಳಿದ್ದು ಸರಿ. ರಿಕ್ವೆಸ್ಟ್ ಅಂತ ಬರಿ. ಹುಡುಕು, ಕೇಳು ಅನ್ನೋ ಲ್ಯಾಟಿನ್ ಮಾತಿಂದ ಬಂದಿದ್ದು. ಕ್ವೆಶ್ಚನ್ ಅನ್ನೋದು ಅದರ ಒಡಹುಟ್ಟಿದ ತಂಗಿ.”

ಹೊಸ ಅರ್ಜಿ ಬರೆದುಕೊಂಡು ಮತ್ತೆ ಮನೆಗೆ ಓಡಿ, ಈ ವಂಶಾವಳಿಯನ್ನೆಲ್ಲ ಅವ್ವನಿಗೆ ಒಪ್ಪಿಸಿದೆ.

“ಪ್ರಶ್ನೆ ಕೇಳೋರ ಮಾತಾ? ಅಂಗಾದ್ರೆ ತತ್ತಾ ಪೆನ್ನ.”

ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ನಾಲಿಗೆ ಕಚ್ಚಿ, ಗುಂಡಗೆ ರುಜು ಹಾಕಿದಳು. ಪರೀಕ್ಷೆಗೆ ಹೊತ್ತಿಗೆ ಸರಿಯಾಗಿ ಕೂತೆ. ಆ ವಾರ ಮೇಷ್ಟ್ರು ಇಡೀ ತರಗತಿಯಿಂದಲೇ ಬೆಗ್ ಬಿಡಿಸಿದರು. ನಕ್ಕವರೂ ರಿಕ್ವೆಸ್ಟ್ ಎಂದೇ ಬರೆದರು, ನನಗೆ ಒಳಗೊಳಗೇ ಖುಷಿ.

ಈಗ ನಾನೇ ಇಂಗ್ಲಿಷ್ ಮಿಸ್. ರಜಾ ಅರ್ಜಿಗಳು ಫೋನಿಗೆ ಬರುತ್ತವೆ, ಎಲ್ಲವೂ ಒಂದೇ ಅಚ್ಚಿನವು, ಬರೆದದ್ದೇನೆಂದು ಕಳಿಸಿದವರೂ ಓದಿರುವುದಿಲ್ಲ. ಅವರನ್ನೇಕೆ ಅನ್ನಲಿ? ಫೋನು ಪುಟಗಟ್ಟಲೆ ಷರತ್ತು ತೋರಿಸಿ ಒಪ್ಪಿಗೆಯೇ ಎಂದು ಕೇಳಿದಾಗ, ಇಷ್ಟು ಇಂಗ್ಲಿಷ್ ಕಲಿತ ನಾನೂ ಓದದೆ ಒತ್ತಿಬಿಡುತ್ತೇನೆ. ಅವ್ವ ಹೋಗಿ ಎಂಟು ವರ್ಷವಾಯಿತು. ಮೊದಲು ಅರ್ಥ ಹೇಳು ಎನ್ನುವವರು ನಮ್ಮ ಮನೆಯಲ್ಲಿ ಈಗ ಯಾರೂ ಇಲ್ಲ.