ನೀರು ಕಾಣದ ಲೆಹಂಗಾ

ನಮ್ಮ ಹನಕೆರೆಯಲ್ಲಿ ಯಾರದಾದರೂ ಮನೆಯಲ್ಲಿ ಸಾವಾದರೆ, ತಿಥಿಯ ಬೆಳಿಗ್ಗೆ ಹೆಂಗಸರು ಹೆದರುತ್ತಿದ್ದುದು ಸತ್ತವರಿಗಲ್ಲ, ನನ್ನ ವಾರಗಿತ್ತಿ ಇಂದ್ರಮ್ಮನಿಗೆ. ಸೂತಕ ಕಳೆಯಬೇಕಾದರೆ ಮನೆಯ ಬಟ್ಟೆಯೆಲ್ಲ ನೀರಿಗೆ ಬೀಳಬೇಕು, ಸರಿ. ಮಿಕ್ಕವರು ಉಟ್ಟಿದ್ದು, ಹೊದ್ದಿದ್ದು ಒಗೆದು ಸುಮ್ಮನಾದರೆ ಇವಳು ಬೀರು ತೆಗೆಸಿ ಮಡಿಕೆ ಬಿಚ್ಚಿಸಿ ನೋಡುವಳು. ಒಂದು ಸಲ ನನ್ನ ತವರಿನ ರೇಷ್ಮೆ ಸೀರೆಯನ್ನು ಪತ್ತೆ ಮಾಡಿ ತಾನೇ ಬಕೆಟ್ಟಿಗೆ ಅದ್ದಿದಳು. ಅಂಚಿನ ಹಸಿರು ಮೈಗೆಲ್ಲ ಹತ್ತಿತು. ಯುಗಾದಿಯಿಂದ ಗೌರಿಹಬ್ಬದವರೆಗೆ ನಾನು ಅವಳ ಜೊತೆ ಮಾತು ಬಿಟ್ಟಿದ್ದೆ. ಇವತ್ತಿಗೂ ಆ ಸೀರೆ ನೆನೆದರೆ ಹೊಟ್ಟೆ ಉರಿಯುತ್ತದೆ.

ಇಂದ್ರಕ್ಕನ ಗಂಡ, ಅಂದರೆ ನಮ್ಮ ಭಾವ, ಕಬ್ಬಿನ ಗಾಡಿ ಮಗುಚಿ ತೀರಿಹೋದಾಗ ಅವಳ ಹೊಟ್ಟೆಯಲ್ಲಿ ನಯನ ಇದ್ದಳು. ಹಸು ಕಟ್ಟಿ, ಡೈರಿಗೆ ಹಾಲು ಹಾಕಿ ಮಗಳನ್ನು ಸಾಕಿದಳು. ಆ ಮಗಳೀಗ ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಬಟ್ಟೆಗಳಿಗೆ ಲೇಬಲ್ ಹೊಲಿಯುತ್ತಾಳೆ. ಯಾವುದನ್ನು ನೀರಿಗೆ ಹಾಕಬಹುದು, ಯಾವುದನ್ನು ಹಾಕಬಾರದು ಎಂಬ ಚಿತ್ರವಿರುತ್ತದಲ್ಲ, ಆ ಚೂರು ಲೇಬಲ್ಲು. ಕಿರುಗಾವಲಿನ ಶಶಿಧರನ ಜೊತೆ ಮದುವೆ ಗೊತ್ತಾದಾಗ, ರಿಸೆಪ್ಷನ್ನಿಗೆಂದು ಮಂಡ್ಯದಲ್ಲಿ ಡಿಸೈನರ್ ಲೆಹಂಗಾ ಹೊಲಿಸಿಕೊಂಡು ಬಂದಳು. ಕೆನೆಬಣ್ಣದ ಬಟ್ಟೆ, ಕೆಂಪು ಅಂಚು, ಮೈತುಂಬ ಮಣಿ. ಬೆಲೆ ಕೇಳಿ ಇಂದ್ರಕ್ಕ ಕೂತಲ್ಲೇ ಕುಸಿದಳು.

"ಅಯ್ಯೋ ನನ್ ಸಿವನೇ, ಈ ದುಡ್ಡಲ್ಲಿ ಒಂದು ಸೀಮೆಹಸ ಬತ್ತಿತ್ತಲ್ಲೇ!"

ಮದುವೆಗೆ ಇನ್ನು ಸ್ವಲ್ಪ ದಿನ ಇದೆ ಅನ್ನುವಾಗ ದಾಯಾದಿ ಚಿಕ್ಕಬೋರಯ್ಯ ತೀರಿಕೊಂಡ. ತೊಂಬತ್ತು ದಾಟಿದ ಮುದುಕ, ಇನ್ನೊಂದು ತಿಂಗಳು ತಡೆಯಬಾರದಿತ್ತೇ? ತಿಥಿ ಕಳೆದ ಮೇಲೆ ಮದುವೆ ಎಂದು ಹಿರಿಯರು ಒಪ್ಪಿದರು. ಆದರೆ ಲೆಹಂಗಾ ಸೂತಕದ ಮನೆಯಲ್ಲೇ ಇತ್ತು.

"ಡ್ರೈಕ್ಲೀನಿಗೆ ಕೊಡ್ತೀನಿ. ಒಂದು ತೊಟ್ಟು ನೀರೂ ಬೀಳಂಗಿಲ್ಲ" ಎಂದಳು ನಯನ.

"ನೀರೇ ಮುಟ್ಟುಸ್ದೆ ಮೈಲಿಗೆ ಎಂಗೆ ಓಯ್ತದೆ?"

"ಅವ್ವ, ಅಂಟಾಕಿರೋ ಮಣಿ ಎಲ್ಲ ಉದುರೋಯ್ತವೆ. ದಿನಾ ಲೇಬಲ್ ಒಲಿಯೋಳು ನಾನು, ನಂಗೊತ್ತಿಲ್ವಾ?"

ಎರಡು ದಿನ ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಂದ್ರಕ್ಕನ ಹಟ ನನಗೆ ಗೊತ್ತು. ನನ್ನ ಸೀರೆಗಾದ ಗತಿಯೇ ಇದಕ್ಕೂ ಎಂದುಕೊಂಡು ತಿಥಿಯ ಬೆಳಿಗ್ಗೆ ಹಿತ್ತಲಿಗೆ ಹೋದರೆ, ಇಂದ್ರಕ್ಕ ಬಕೆಟ್ಟಿನ ಮುಂದೆ ಲೆಹಂಗಾ ಹಿಡಿದು ನಿಂತಿದ್ದಳು. ಬಾಗಿಲಲ್ಲಿ ನಯನ ಅಳುತ್ತಿದ್ದಳು.

"ತಗಾ," ಎಂದು ಇಂದ್ರಕ್ಕ ಬಟ್ಟೆಯನ್ನು ಮಗಳ ತೋಳಿಗೆ ಹಾಕಿದಳು. "ಡ್ರೈಕ್ಲೀನಿಗೇ ಕೊಡು."

ನಾನು ದಂಗಾದೆ. ಸಂತೋಷಕ್ಕಿಂತ ಸಿಟ್ಟೇ ಜಾಸ್ತಿ ಬಂತು ಅಂತಲೇ ಹೇಳುತ್ತೇನೆ. ನನ್ನ ಸೀರೆ ಏನು ಪಾಪ ಮಾಡಿತ್ತು?

ಮದುವೆ ಮದ್ದೂರಿನ ಛತ್ರದಲ್ಲಿ ಚೆನ್ನಾಗಿಯೇ ಆಯಿತು. ನಯನ ಆ ಲೆಹಂಗಾದಲ್ಲಿ ಗೊಂಬೆಯ ಹಾಗಿದ್ದಳು. ತಾಪತ್ರಯ ಶುರುವಾಗಿದ್ದು ಆಮೇಲೆ. ಒಂದು ದಿನ ಅವಳು ನನಗೆ ಫೋನು ಮಾಡಿ ಗೋಳಾಡಿದಳು. "ಚಿಕ್ಕವ್ವ, ಅವ್ವಂಗೆ ಒಸಿ ಬುದ್ದಿ ಏಳು. ಗಂಟೆಗೊಂದು ಫೋನ್ ಮಾಡಿ ಇವರು ಎಲ್ಲವ್ರೆ ಅಂತಾಳೆ. ಬೈಕಲ್ಲಿ ಓಗ್ಬ್ಯಾಡ ಅನ್ನು, ಗದ್ದೆ ತಾವ ಒಬ್ಬನ್ನೇ ಕಳಿಸ್ಬ್ಯಾಡ ಅಂತಾಳೆ. ಇಲ್ಲೆಲ್ಲ ನಗ್ತಾವ್ರೆ."

ನೋಡಿದರೆ ಇಂದ್ರಕ್ಕ ನಿಜಕ್ಕೂ ಇಳಿದುಹೋಗಿದ್ದಳು. ಕಣ್ಣು ಗುಳಿ ಬಿದ್ದಿದ್ದವು. ಕೊಟ್ಟಿಗೆಯಲ್ಲಿ ಹಿಡಿದು ಕೂರಿಸಿ ಕೇಳಿದೆ. "ಏನಕ್ಕ ನಿಂದು? ಅಳಿಯ ಗುಂಡುಕಲ್ಲಂಗವ್ನೆ."

"ನಿಮ್ಮ ಭಾವನೂ ಅಂಗೇ ಇದ್ರು," ಎಂದಳು. "ಅವರಜ್ಜಿ ಸತ್ತಾಗ ಎಲ್ಲಾ ಒಗೆದೆ ಕಣೆ. ನನ್ನ ಧಾರೆ ಸೀರೆ ಒಂದು ಬಚ್ಚಿಟ್ಟೆ. ಬಣ್ಣ ಬುಟ್ಬುಡ್ತದೆ ಅಂತ, ಸೀರೆ ಮ್ಯಾಲಿನ ಆಸೆಗೆ. ಅದೇ ವರ್ಸ ಗಾಡಿ ಮಗುಚ್ತು."

ಇಷ್ಟು ವರ್ಷ ಒಂದೇ ಗೋಡೆಯ ಆಚೆ ಈಚೆ ಬಾಳಿದವರು ನಾವು. ಊರವರ ಬೀರು ಶೋಧಿಸುವ ಚಾಳಿಗೆ ನಾನು ಎಷ್ಟು ಹೆಸರಿಟ್ಟಿದ್ದೆ! ಅವಳು ನಮ್ಮ ಗಂಡಂದಿರನ್ನು ಕಾಯುತ್ತಿದ್ದಳು.

"ಮತ್ಯಾಕೆ ಲೆಹಂಗಾನ ಬುಟ್ಟೆ?"

"ಎಣ್ಣು ಅಳ್ತಿತ್ತಲ್ಲೇ. ಅಪ್ಪ ಇಲ್ದ ಮಗು, ಅದ್ರ ಮದುವೆ ಬಟ್ಟೇನೂ ಆಳುಮಾಡ್ಲಾ?"

ನಯನಳಿಗೆ ಫೋನು ಮಾಡಿ ಎಲ್ಲ ಹೇಳಿದೆ. "ಆಯ್ತು ಚಿಕ್ಕವ್ವ" ಎಂದು ಇಟ್ಟುಬಿಟ್ಟಳು.

ಭಾನುವಾರ ನಾನೂ ಇಂದ್ರಕ್ಕನೂ ಕಿರುಗಾವಲಿಗೆ ಹೋದೆವು. ಹಿತ್ತಲಿಗೆ ಕಾಲಿಟ್ಟವಳು ನಾನು ಅಲ್ಲೇ ಬಾಯಿ ಮೇಲೆ ಕೈಯಿಟ್ಟುಕೊಂಡೆ. ತಂತಿಯ ಮೇಲೆ ಲೆಹಂಗಾ ತೊಟ್ಟಿಕ್ಕುತ್ತಿತ್ತು. ಅಂಚಿನ ಕೆಂಪು ಕೆನೆಬಣ್ಣಕ್ಕೆಲ್ಲ ಇಳಿದಿತ್ತು. ಒಗೆಯುವ ಕಲ್ಲಿನ ಸುತ್ತ ಮಣಿಗಳು ಚೆಲ್ಲಿದ್ದವು, ಕೋಳಿಯೊಂದು ಅವನ್ನು ಕುಕ್ಕುತ್ತಿತ್ತು. ನಯನ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ಪೂರ್ತಿ ಮುಳುಗಿಸಿದ್ದೀನಿ ಅವ್ವ. ಮೂರು ಸಲ."

ಇಂದ್ರಕ್ಕ ತಂತಿಯ ಹತ್ತಿರ ಹೋಗಿ ಬಟ್ಟೆಯ ತುದಿ ಹಿಡಿದು ನೋಡಿದಳು. ಆಮೇಲೆ ಎದೆ ಬಡಿದುಕೊಂಡಳು. "ಲೇ ಮುಂಡೇದೆ! ಎಂತಾ ಬಟ್ಟೆ ಆಳುಮಾಡ್ದಲ್ಲೇ! ಇಂತಾದ್ನ ಡ್ರೈಕ್ಲೀನಿಗೆ ಕೊಡ್ಬೇಕು ಅಂತ ಗೊತ್ತಾಗಕಿಲ್ವಾ ನಿಂಗೆ?"

ಊಟದುದ್ದಕ್ಕೂ ಬಯ್ದಳು. ಶಶಿಧರ ಬೈಕು ತೆಗೆದು ಹೊರಟಾಗಲೂ ಬಯ್ಯುತ್ತಲೇ ಇದ್ದಳು, ಅವನ ಕಡೆ ತಿರುಗಿಯೂ ನೋಡಲಿಲ್ಲ. ಬರುವಾಗ ಬಸ್ಸು ಮಳವಳ್ಳಿ ಮುಟ್ಟುವ ಮೊದಲೇ ನನ್ನ ಹೆಗಲಿಗೆ ಒರಗಿ ಗೊರಕೆ ಹೊಡೆಯುತ್ತಿದ್ದಳು.